ಒಂಟಿ ಹೆಪ್ಪು

ನಿಮ್ಮ ಉಗ್ರಾಣದ ಬೀಗದ ಕೈ ಪಕ್ಕದ ಮನೆಯವನ ಸೊಂಟದಲ್ಲಿದೆ, ಅವನ ಉಗ್ರಾಣದ ಬೀಗದ ಕೈ ನಿಮ್ಮ ಸೊಂಟದಲ್ಲಿದೆ ಎಂದಿಟ್ಟುಕೊಳ್ಳಿ. ನೀವಿಬ್ಬರೂ ಎಷ್ಟು ಹೊತ್ತು ಜಗಳವಾಡಬಲ್ಲಿರಿ? ಊಟದ ಹೊತ್ತಿನವರೆಗೆ. ಇಷ್ಟೇ ಸಿದ್ಧಾಂತ. ಇದನ್ನು ರಾಷ್ಟ್ರಗಳ ಪರಸ್ಪರಾವಲಂಬನೆ ಎಂದು ಕರೆದು ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದರು, ಒಬ್ಬರ ಜುಟ್ಟು ಒಬ್ಬರು ಹಿಡಿದು ವಾದ ಮಾಡಿದರು. ಅದನ್ನು ಪುಸ್ತಕದಿಂದ ತೆಗೆದು ಜನರ ಹೊಟ್ಟೆಗೆ ಸುರಿದವರು ಕಡಲನಾಡು ಮತ್ತು ಮೇಲ್ನಾಡಿನ ವಿಜ್ಞಾನಿಗಳು.

ಘಟ್ಟದ ಕೆಳಗಿನದು ಕಡಲನಾಡು, ಮೇಲಿನದು ಮೇಲ್ನಾಡು. ಹಳೆಯ ದೊಡ್ಡ ದೇಶ ಒಡೆದಾಗ ಉಳಿದ ಚೂರುಗಳಲ್ಲಿ ಇವೆರಡು. ಕೆಳಗಿನವರ ಹತ್ತಿರ ಬಂದರಿತ್ತು, ಮೇಲಿನವರ ಹತ್ತಿರ ಅಣೆಕಟ್ಟುಗಳಿದ್ದವು. ಒಬ್ಬರಲ್ಲಿದ್ದುದು ಇನ್ನೊಬ್ಬರಿಗೆ ಬೇಕಾಗಿತ್ತು. ಕೇಳಿ ಪಡೆಯುವುದಕ್ಕಿಂತ ಹೊಡೆದು ಪಡೆಯುವುದು ಸುಲಭವೆಂದು ಇಬ್ಬರಿಗೂ ತೋರಿತು. ಒಂದು ತಲೆಮಾರಿನ ಹುಡುಗರು ಘಾಟಿಯ ತಿರುವುಗಳಲ್ಲಿ ಸತ್ತರು. ಅಷ್ಟರಲ್ಲಿ ಕೆಳಗಿನ ಗದ್ದೆಗಳಿಗೆ ಉಪ್ಪುನೀರು ನುಗ್ಗಿತ್ತು, ಮೇಲಿನ ಹೊಲಗಳು ಬಿಸಿಲಿಗೆ ಬೆಂದಿದ್ದವು. ಅನ್ನ, ರೊಟ್ಟಿ ಎರಡೂ ಹೋಗಿ ಎರಡೂ ಕಡೆಯ ಜನ ಟ್ಯಾಂಕಿನ ಹಾಲಿಗೆ ಬಂದು ನಿಂತರು.

ಟ್ಯಾಂಕಿನ ಹಾಲು ಹಸುವಿನದಲ್ಲ, ಸೂಕ್ಷ್ಮಜೀವಿಗಳದ್ದು. ಉಕ್ಕಿನ ದೊಡ್ಡ ಟ್ಯಾಂಕುಗಳಲ್ಲಿ ಗಾಳಿ, ನೀರು, ವಿದ್ಯುತ್ತು ಉಂಡು ಅವು ಬೆಳೆದು ಬಿಳಿಯ ಗಂಜಿಯಂಥ ದ್ರವವಾಗುತ್ತವೆ. ಕಾಯಿಸಿ ಕುಡಿಯಬಹುದು, ಹೆಪ್ಪು ಹಾಕಿ ಮೊಸರು ಮಾಡಬಹುದು, ಒಣಗಿಸಿ ಹಿಟ್ಟು ಮಾಡಬಹುದು. ಯುದ್ಧ ಸಾಕಾದ ವರ್ಷ ಎರಡೂ ಕಡೆಯ ವಿಜ್ಞಾನಿಗಳು ಒಟ್ಟಿಗೆ ಕೂತು ಈ ಜೀವಿಗಳನ್ನು ಬೇಕೆಂದೇ ಊನ ಮಾಡಿದರು. ಎರಡು ತಳಿ, ಒಂದು ಬದುಕಲು ಬೇಕಾದ ವಸ್ತುವನ್ನು ಇನ್ನೊಂದೇ ತಯಾರಿಸಿ ಕೊಡಬೇಕು. ಸಂಕ್ರಾಂತಿಯ ದಿನ ಒಪ್ಪಂದಕ್ಕೆ ಸಹಿ ಬಿದ್ದದ್ದರಿಂದ ಒಂದಕ್ಕೆ ಎಳ್ಳು, ಇನ್ನೊಂದಕ್ಕೆ ಬೆಲ್ಲ ಎಂದೇ ಹೆಸರು ನಿಂತಿತು. ಎಳ್ಳಿನ ತಾಯಿಹೆಪ್ಪು ಕಡಲನಾಡಿನಲ್ಲಿ, ಬೆಲ್ಲದ ತಾಯಿಹೆಪ್ಪು ಮೇಲ್ನಾಡಿನಲ್ಲಿ.

ಒಮ್ಮೆ ತಂದ ಬೆಲ್ಲವನ್ನೇ ಬೆಳೆಸಿಕೊಂಡು ಕೂರಬಾರದೇ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಟ್ಯಾಂಕಿನಲ್ಲೂ ಕಳ್ಳರು ಹುಟ್ಟುತ್ತಾರೆ. ಪಕ್ಕದವರು ಮಾಡಿದ್ದನ್ನು ತಿನ್ನುವುದು, ತಾನು ಮಾತ್ರ ಏನೂ ಮಾಡದಿರುವುದು. ದುಡಿಯುವ ಖರ್ಚಿಲ್ಲದ್ದರಿಂದ ಕಳ್ಳ ಬೇಗ ಬೇಗ ಮರಿ ಹಾಕುತ್ತಾನೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಕಳೆಯುವಷ್ಟರಲ್ಲಿ ಟ್ಯಾಂಕಿನ ತುಂಬ ಕಳ್ಳರೇ ಆಗಿ, ನೀಲಿ ನೊರೆ ಎದ್ದು, ಎಲ್ಲ ಹುಳಿತುಹೋಗುತ್ತದೆ. ಚರಂಡಿಗೆ ಚೆಲ್ಲಿ, ತೊಳೆದು, ಎರಡೂ ತಾಯಿಹೆಪ್ಪುಗಳಿಂದ ಹೊಸದಾಗಿ ಶುರು ಮಾಡಬೇಕು. ಹಾಗಾಗಿ ಮಂಡಲಕ್ಕೊಮ್ಮೆ ಎಳ್ಳು ಘಟ್ಟ ಹತ್ತುತ್ತಿತ್ತು, ಬೆಲ್ಲ ಘಟ್ಟ ಇಳಿಯುತ್ತಿತ್ತು. ಹುಳಿಯುವುದು ದೋಷವಲ್ಲ, ಅದೇ ಒಪ್ಪಂದದ ಜೀವಾಳ. ಯಾರೂ ಯಾರನ್ನೂ ಪ್ರೀತಿಸಬೇಕಾಗಿರಲಿಲ್ಲ.

ಎಳ್ಳಿನ ತಾಯಿಹೆಪ್ಪು ಕೇಂದ್ರದ ಮುಖ್ಯಸ್ಥೆ ಡಾ. ವಾರಿಜಾ ಕೋಟ್ಯಾನ್. ಕೇಂದ್ರ ಮಂಗಳೂರಿನ ಹಳೆಯ ಬಂದರಿನ ಪಕ್ಕ, ಮನೆ ಹೊಳೆಯಾಚೆಯ ಬೆಂಗ್ರೆಯಲ್ಲಿ. ಮನೆಯಲ್ಲಿ ಅತ್ತೆ ಕಲ್ಯಾಣಿ ಮತ್ತು ಮಗ ತೇಜಪಾಲ. ಗಂಡ ಮಾತು ಕಡಿಮೆ ಮಾಡುತ್ತ ಮಾಡುತ್ತ ಒಂದು ದಿನ ಹಡಗು ಹತ್ತಿ ಹೋದವನು ಮರಳಿರಲಿಲ್ಲ. ಅತ್ತೆ ಮಗನ ಹಿಂದೆ ಹೋಗದೆ ಸೊಸೆಯ ಜೊತೆ ಉಳಿದಿದ್ದಳು.

ಈ ಕಲ್ಯಾಣಮ್ಮನಿಗೊಂದು ಚಾಳಿಯಿತ್ತು. ದಿನವೂ ದೀಪ ಹಚ್ಚುವ ಮುಂಚೆ ಪಕ್ಕದ ಬೆನ್ನಿಬಾಯಿಯ ಮನೆಯಿಂದ ಒಂದು ಚಮಚ ಹೆಪ್ಪು ತರಲೇಬೇಕು.

"ಅತ್ತೆ, ನಿನ್ನೆಯ ಮೊಸರು ಪಾತ್ರೆ ತುಂಬ ಉಂಟಲ್ಲ. ಅದರಲ್ಲೇ ಹೆಪ್ಪು ಹಾಕ್ಲಿಕ್ಕೆ ಎಂತ ಕಷ್ಟ?" ಎಂದು ವಾರಿಜಾ ಕೇಳುತ್ತಿದ್ದಳು.

"ಅದು ಅದರ ಪಾಡಿಗೆ ಇರ್ಲಿ. ನಿನಗೆ ನಿನ್ನ ಟ್ಯಾಂಕಿನ ವಿಷಯ ಸಾಕು."

"ಅವರ ಮನೆಯ ಹೆಪ್ಪು ಮೊನ್ನೆ ನಮ್ಮಿಂದಲೇ ಹೋದದ್ದು. ಅದೇ ಬ್ಯಾಕ್ಟೀರಿಯಾ ಗೋಡೆ ದಾಟಿ ಹೋಗಿ ಗೋಡೆ ದಾಟಿ ಬರುವುದು!"

"ಬರ್ಲಿ. ಅದಕ್ಕೂ ನಡೆದು ಅಭ್ಯಾಸ ಆಗ್ಲಿ," ಎಂದು ಮುದುಕಿ ಬಟ್ಟಲು ಎತ್ತಿಕೊಂಡು ಹೊರಡುವಳು.

ಹಿಂದೊಮ್ಮೆ ನಡುವಿನ ಗೋಡೆಯ ವಿಷಯಕ್ಕೆ ಎರಡು ಮನೆಗಳಿಗೂ ಮಾತು ಬಿಟ್ಟುಹೋಗಿತ್ತು. ಮುಖ ಕಂಡರೆ ಬಾಗಿಲು ಹಾಕುವಷ್ಟು ಸಿಟ್ಟು. ಆದರೂ ಸಂಜೆ ಆ ಗೋಡೆಯ ಮೇಲೆ ಖಾಲಿ ಬಟ್ಟಲು ಇಟ್ಟು ಬಂದರೆ, ಸ್ವಲ್ಪ ಹೊತ್ತಿನಲ್ಲಿ ಅದರಲ್ಲೊಂದು ಚಮಚ ಹೆಪ್ಪು ಇರುತ್ತಿತ್ತು. ಬೆಳಿಗ್ಗೆ ಅವರ ಬಟ್ಟಲು, ಇವರ ಹೆಪ್ಪು. ವಾರಿಜಾಳಿಗೆ ಅದನ್ನು ಕಂಡು ನಗು ಬಂದಿತ್ತು. ವಿಜ್ಞಾನ ಓದಿದವರಿಗೆ ನಗು ಬರುವ ಜಾಗಗಳು ಹೆಚ್ಚು.

ತೇಜಪಾಲನಿಗೆ ಆ ವರ್ಷ ಗಡಿಪಡೆಯ ಕಡ್ಡಾಯ ಸೇವೆ. ಅವನನ್ನು ಹಾಕಿದ್ದು ಸುರಂಗಕ್ಕೆ. ಘಟ್ಟದ ಹೊಟ್ಟೆಯೊಳಗಿನ ಹಳೆಯ ರೈಲು ಸುರಂಗವೇ ಎರಡು ದೇಶಗಳ ನಡುವೆ ಉಳಿದ ಒಂದೇ ದಾರಿ. ಅದರ ನಟ್ಟನಡುವೆ ನೆಲದ ಮೇಲೆ ಒಂದು ಬಿಳಿಗೆರೆ. ಹೆಪ್ಪಿನ ವಿನಿಮಯ ಆಗುತ್ತಿದ್ದುದು ಆ ಗೆರೆಯ ಮೇಲೆ.

ಮೊದಲ ರಜೆಗೆ ಬಂದವನು ನಗುತ್ತ ಹೇಳಿದ: "ಅಲ್ಲಿ ಕೆಲಸ ಎಂತ ಗೊತ್ತುಂಟಾ ಅಮ್ಮ? ಕೇರಂ ಆಡುವುದು! ಬೋರ್ಡನ್ನು ಗೆರೆಯ ಮೇಲೆಯೇ ಇಡುವುದು. ಅರ್ಧ ನಮ್ಮದು, ಅರ್ಧ ಅವರದ್ದು. ಅವರ ಹುಡುಗ ಒಬ್ಬ ಉಂಟು, ಈರಣ್ಣ ಅಂತ. ರೆಡ್ ಹೊಡೆಯುವುದರಲ್ಲಿ ಅವನನ್ನು ಬಿಟ್ಟರಿಲ್ಲ."

"ಬಂದೂಕು?"

"ಗೋಡೆಗೆ ಒರಗಿಸಿ ಇಡುವುದು. ಸುರಂಗದ ಒಳಗೆ ಗುಂಡು ಹಾರಿಸಿದರೆ ಎಲ್ಲರ ತಲೆಗೂ ಬೀಳ್ತದೆ ಅಂತ ಅವರಿಗೂ ಗೊತ್ತುಂಟು."

ವಾರಿಜಾ ನಗಲಿಲ್ಲ. ಮೇಲಿನವರ ಹೆಸರು ಕೇಳಿದರೆ ಅವಳಿಗೆ ನಗು ಬರುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು.

ತೇಜು ಸಣ್ಣವನಿದ್ದಾಗ ಅವನಿಗೊಬ್ಬಳು ತಂಗಿಯಿದ್ದಳು, ನೀಲಿಮಾ. ಆ ವರ್ಷ ಬಂದರಿನ ಸುಂಕದ ವಿಷಯಕ್ಕೆ ಎರಡು ಸರ್ಕಾರಗಳಿಗೂ ತಕರಾರು ಬಂತು. ಮೇಲ್ನಾಡು ಬೆಲ್ಲ ಕಳಿಸುವುದನ್ನು ತಡಮಾಡಿತು. ಕಡಲನಾಡು, ಹಾಗಾದರೆ ನಾವೇನು ಕಡಿಮೆ ಎಂದು, ಎಳ್ಳು ನಿಲ್ಲಿಸಿತು. ಹಲ್ಲಿಗೆ ಹಲ್ಲು. ಎರಡೂ ಕಡೆ ಟ್ಯಾಂಕುಗಳು ಹುಳಿತವು. ಜನ ಆ ದಿನಗಳಿಗೆ ಹುಳಿಗಾಲ ಎಂದು ಹೆಸರಿಟ್ಟರು. ಕೊನೆಗೆ ಎರಡೂ ಕಡೆಯ ಮಂತ್ರಿಗಳು ಕೈ ಕುಲುಕಿ, ನೋಡಿದಿರಾ, ಒಪ್ಪಂದ ಗೆದ್ದಿತು ಎಂದರು. ನಿಜವೇ. ಹುಳಿಗಾಲದಲ್ಲಿ ಸತ್ತವರೆಲ್ಲ ತೊಟ್ಟಿಲಿನವರು, ಅಂಬೆಗಾಲಿನವರು. ಅವರಿಗೆ ಸುಂಕದ ವಿಷಯ ಗೊತ್ತಿರಲಿಲ್ಲ. ನೀಲಿಮಾ ಅಮ್ಮನ ತೊಡೆಯ ಮೇಲೆ, ಹಾಲು ಎಂದು ಕೇಳುವ ಶಕ್ತಿಯೂ ಇಲ್ಲದೆ ಹೋದಳು. ದೇಶಕ್ಕೆಲ್ಲ ಹೆಪ್ಪು ಕೊಡುವ ತಾಯಿಯ ಮಡಿಲಲ್ಲಿ.

ಅಂದಿನಿಂದ ವಾರಿಜಾಳಿಗೆ ಒಂದೇ ಛಲ. ಇನ್ನು ಯಾವ ಮಗುವಿನ ತುತ್ತಿಗೂ ಘಟ್ಟದ ಮೇಲಿನವರ ಮರ್ಜಿ ಕಾಯಬಾರದು. ಬೆಲ್ಲವನ್ನು ಕೆಳಗೇ, ಕಳ್ಳರಿಲ್ಲದೆ ಬೆಳೆಸಬೇಕು. ಒಪ್ಪಂದದ ಪ್ರಕಾರ ಅದು ದ್ರೋಹ. ಕೇಂದ್ರದ ಹಿಂದಿನ ಹಳೆಯ ತೊಳೆಯುವ ಕೋಣೆಯಲ್ಲಿ, ಯಾರಿಗೂ ಹೇಳದೆ, ವರ್ಷಗಟ್ಟಲೆ ಅವಳು ಸೋತಳು.

ದಾರಿ ಹೊಳೆದದ್ದು ಅಡಿಗೆಮನೆಯಲ್ಲಿ. ಅತ್ತೆ ಒಲೆಯ ಮುಂದೆ ಗುಳಿಯಪ್ಪ ಮಾಡುತ್ತಿದ್ದಳು. ಕಾವಲಿಯ ಒಂದು ಗುಳಿಯಲ್ಲಿ ಹಿಟ್ಟು ಸೀದುಹೋಗಿತ್ತು, ಪಕ್ಕದ ಗುಳಿಗಳಲ್ಲಿ ಚೆನ್ನಾಗಿ ಉಬ್ಬಿತ್ತು. ಅತ್ತೆ ಸೀದದ್ದೊಂದನ್ನು ಕಡ್ಡಿಯಿಂದ ಎತ್ತಿ ಬಿಸಾಡಿ ಮತ್ತೆ ಹಿಟ್ಟು ಹೊಯ್ದಳು. ವಾರಿಜಾ ತಿನ್ನುವುದನ್ನು ಬಿಟ್ಟು ಎದ್ದಳು. ದೊಡ್ಡ ಟ್ಯಾಂಕಿನಲ್ಲಿ ಕಳ್ಳ ಬದುಕುವುದು ಹೇಗೆ? ಸುತ್ತ ದುಡಿಯುವವರು ಇರುವುದರಿಂದ. ಎಲ್ಲರನ್ನೂ ಲಕ್ಷಾಂತರ ಸಣ್ಣ ಹನಿಗಳಲ್ಲಿ ಬೇರೆ ಬೇರೆ ಕೂರಿಸಿದರೆ? ದುಡಿಯುವವರ ಹನಿ ಬೆಳ್ಳಗೆ ಬೆಳೆಯುತ್ತದೆ. ಕಳ್ಳನ ಹನಿ ಅವನ ಉಪವಾಸದಿಂದಲೇ ಕಪ್ಪಾಗುತ್ತದೆ. ಕಪ್ಪಾದದ್ದನ್ನು ಎತ್ತಿ ಬಿಸಾಡಿದರಾಯಿತು.

ಗಾಜಿನ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಕೊರೆಸಿದಳು. ಆ ಬಿಲ್ಲೆಗಳಲ್ಲಿ ಬೆಳೆದ ಬೆಲ್ಲವನ್ನು ನಾಲ್ಕನೇ ಟ್ಯಾಂಕಿಗೆ ಬಿಟ್ಟಳು. ಮಂಡಲ ತುಂಬಿತು. ನೊರೆ ಏಳಲಿಲ್ಲ. ಮತ್ತೊಂದು ವಾರ ಕಳೆಯಿತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದಳು. ಎಳೆಯ ಮಗುವಿನ ಬಾಯಿಯ ವಾಸನೆ. ತೊಳೆಯುವ ಕೋಣೆಯ ನೆಲದ ಮೇಲೆ ಕೂತು ವಾರಿಜಾ ಮಗಳ ಹೆಸರು ಹಿಡಿದು ಅತ್ತಳು. ಸಂತೋಷವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯುತ್ತಿತ್ತು, ಈ ಸುಟ್ಟ ವಿದ್ಯೆ ಇಷ್ಟು ತಡವಾಗಿ ಬಂತಲ್ಲ ಎಂದು.

ವಿನಿಮಯದ ದಿನ ಬಂತು. ಒಪ್ಪಂದದಲ್ಲಿ ಒಂದು ವಿಚಿತ್ರ ಶಾಸ್ತ್ರವಿತ್ತು. ಎರಡೂ ಕೇಂದ್ರದ ಮುಖ್ಯಸ್ಥರು ಖುದ್ದಾಗಿ ಸುರಂಗಕ್ಕೆ ಬರಬೇಕು, ಬಿಳಿಗೆರೆಯ ಮೇಲಿಟ್ಟ ಮೇಜಿನ ಆಚೀಚೆ ಕೂರಬೇಕು, ತಾವು ತಂದ ಹೆಪ್ಪಿನಲ್ಲಿ ಒಂದು ಚಮಚವನ್ನು ಎದುರಿನವರು ನೋಡುವಂತೆ ತಾವೇ ತಿನ್ನಬೇಕು. ವಿಷ ಹಾಕಿಲ್ಲ ಎಂಬುದಕ್ಕೆ ಸಾಕ್ಷಿ. ಆ ಹೊತ್ತಿಗೆ ಕಾವಲಿನ ಹುಡುಗರು ದೂರ ನಿಲ್ಲಬೇಕು.

ಮೇಲ್ನಾಡಿನ ಕಡೆಯಿಂದ ಬರುತ್ತಿದ್ದವರು ಡಾ. ಬಸಲಿಂಗಪ್ಪ ಕುಂದರಗಿ. ಅರವತ್ತು ದಾಟಿದ, ದಪ್ಪ ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ಇಷ್ಟು ವರ್ಷ ಎದುರು ಬದುರು ಕೂತು ಉಂಡರೂ ವಾರಿಜಾ ಅವರೊಡನೆ ಹವಾಮಾನಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ಅಂದು ಅವರು ಚಮಚ ಒರೆಸುತ್ತ, ದನಿ ತಗ್ಗಿಸಿ ಕೇಳಿದರು:

"ನಿಮ್ಮ ನಾಕನೇ ಟ್ಯಾಂಕು ಹುಳಿ ಆಗೂದು ಮರತೈತೇನ್ರಿ, ಅಕ್ಕಾರ?"

ವಾರಿಜಾಳ ಕೈ ನಿಂತಿತು. ಒಪ್ಪಂದದ ಪ್ರಕಾರ ಎರಡೂ ಕೇಂದ್ರಗಳ ಟ್ಯಾಂಕಿನ ಹುಳಿಯ ಮಟ್ಟ ಪರಸ್ಪರರ ಪರದೆಯ ಮೇಲೆ ಕಾಣುತ್ತಿತ್ತು. ಸಂತೋಷದ ಭರದಲ್ಲಿ ಅವಳು ಅದನ್ನು ಮರೆತಿದ್ದಳು.

"ಮಾಪಕ ಹಾಳಾಗಿದೆ. ಸರಿ ಮಾಡಿಸಬೇಕು," ಎಂದಳು.

"ಮಾಡಸ್ರಿ, ಲಗೂನ ಮಾಡಸ್ರಿ. ಹುಳಿ ಆತು ಅಂತ ಬರೀರಿ, ಚಲ್ಲಿಬಿಡ್ರಿ. ನಾನೂ ಹಂಗ ಮಾಡೇನಿ." ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಒಂಬತ್ತು ವರ್ಷ ಆತ್ರಿ. ಎಳ್ಳು ನಮ್ಮಲ್ಲೂ ಬೆಳದಿತ್ತು. ಸಣ್ಣ ಸಣ್ಣ ಗುಂಡಿ ಮಾಡಿ ಬ್ಯಾರೆ ಬ್ಯಾರೆ ಇಟ್ರ ಕಳ್ಳ ಸಾಯ್ತಾನ. ನಾ ಅದಕ್ಕ ಪಡ್ಡಿನ ಹಂಚು ಅಂತಿದ್ದೆ. ಹಂಚು ಒಡದು ಹಾಕೇನಿ. ವಿದ್ಯೆ ಮಾತ್ರ ತಲಿಯೊಳಗ ಉಳದೈತಿ."

ಅವಳಿಗೆ ನಂಬಲಾಗಲಿಲ್ಲ. "ಇದ್ದರೆ ಮತ್ತೆ ಎಂತಕ್ಕೆ ಪ್ರತಿ ಸಲ ಬಂದು ನಮ್ಮ ಹತ್ತಿರ ಕೇಳುವುದು?"

"ಕೇಳೂದು ಬಿಟ್ರ ಮರುದಿನ ನಮ್ಮ ಮಂದಿ ನಿಮ್ಮ ಬಂದರಕ್ಕ ಇಳೀತಾರ. ಅವರನ್ನ ಹಿಡದು ನಿಲ್ಲಿಸಿದ್ದು ಹೊಟ್ಟಿ ಒಂದ ನೋಡ್ರಿ. ಹುಳಿಗಾಲದಾಗ ನಾವೂ ಕೂಸುಗಳನ್ನ ಹುಗದೇವಿ. ಸಿಟ್ಟಿನಾಗ ಕಂಡುಹಿಡದೆ. ಕಂಡುಹಿಡದ ಮ್ಯಾಲೆ ಹೆದರಿಕಿ ಆತು."

"ನೀವು ಮುಚ್ಚಿಟ್ಟಿರಿ, ಸರಿ. ನಾಳೆ ನಿಮ್ಮ ಕುರ್ಚಿಯಲ್ಲಿ ಬೇರೆಯವರು ಕೂತು ಕಂಡುಹಿಡಿದರೆ? ಅವರು ಮುಚ್ಚಿಡದಿದ್ದರೆ? ಆಗ ನಮ್ಮ ಮಕ್ಕಳ ಗತಿ ಎಂತ?"

ಕುಂದರಗಿ ತಲೆ ತಗ್ಗಿಸಿದರು. "ಅದನ್ನ ತಡಿಯಾಕ ನನಗ ಆಗೂದಿಲ್ರಿ. ನಾ ಇರೂತನಕ ನಾ ಮುಚ್ಚಿಡ್ತೇನಿ, ನೀವು ಇರೂತನಕ ನೀವು. ಅಷ್ಟು ದಿನ ಆ ಹುಡುಗರು ಕೇರಂ ಆಡ್ಲಿ." ಆಮೇಲೆ ಕೈ ಮುಗಿಯುವಂತೆ ಮಾಡಿದರು. "ನಾ ಹೇಳಿದ್ದು ನಿಮ್ಮ ಹೊಟ್ಟ್ಯಾಗ ಇರ್ಲಿ. ಹೊರಗ ಬಂದ್ರ ನನ್ನ ನೇಣಿಗೆ ಹಾಕ್ತಾರ."

"ಇರ್ತದೆ," ಎಂದಳು ವಾರಿಜಾ. ಇಬ್ಬರೂ ತಮ್ಮ ತಮ್ಮ ಹೆಪ್ಪು ತಿಂದು, ಬಾಯಿ ಒರೆಸಿಕೊಂಡು ಎದ್ದರು.

ಮುಂದಿನ ದಿನಗಳಲ್ಲಿ ಅವಳಿಗೆ ಆ ಮುದುಕ ಒಳ್ಳೆಯವನಿರಬಹುದು ಎಂದು ಮನಸ್ಸು ಹೇಳುತ್ತಿತ್ತು. ಒಳ್ಳೆಯವನೇ, ಆದರೆ ಮುದುಕ ಎಂದು ಅದೇ ಮನಸ್ಸು ಮರುಕ್ಷಣ ಹೇಳುತ್ತಿತ್ತು. ಅವನ ತಲೆಯಲ್ಲಿರುವುದು ಇನ್ನೊಬ್ಬನ ತಲೆಗೆ ಹೋದ ದಿನ ಮೇಲಿನವರಿಗೆ ಕೆಳಗಿನವರು ಬೇಡ. ಕೆಳಗಿನವರಿಗೆ ಮಾತ್ರ ಮೇಲಿನವರು ಬೇಕು. ಆಗ ಹುಳಿಗಾಲ ಒಂದೇ ಕಡೆ ಬರುತ್ತದೆ. ಅವರು ಉಂಡು ಕೂತು ನಮ್ಮ ತೊಟ್ಟಿಲುಗಳು ಖಾಲಿಯಾಗುವುದನ್ನು ನೋಡುತ್ತಾರೆ. ಇದನ್ನು ಯೋಚಿಸಿದಾಗಲೆಲ್ಲ ಅವಳಿಗೆ ತೊಡೆಯ ಮೇಲೆ ಆ ಹಗುರ ಭಾರ ಮತ್ತೆ ಬಂದು ಕೂರುತ್ತಿತ್ತು. ನಾನು ಅವಳದು ತಪ್ಪೆನ್ನಲಾರೆ. ಮಗು ಸತ್ತ ತಾಯಿಯ ಎದುರು ಸಿದ್ಧಾಂತ ಇಟ್ಟು ಗೆದ್ದವರನ್ನು ನಾನು ಕಂಡಿಲ್ಲ.

ನಾಲ್ಕನೇ ಟ್ಯಾಂಕನ್ನು ಅವಳು ಚೆಲ್ಲಲಿಲ್ಲ. ರಕ್ಷಣಾ ಕಾರ್ಯದರ್ಶಿ ರಾಜೀವಲೋಚನ ಬಲ್ಲಾಳರ ಕಚೇರಿಗೆ ಹೋದಳು.

ಬಲ್ಲಾಳರು ನಯವಾದ ಮನುಷ್ಯ. ಬಂದವರಿಗೆ ತಾವೇ ಎದ್ದು ಎಳನೀರು ಕೊಡುವಂಥವರು. ಎಲ್ಲ ಕೇಳಿದ ಮೇಲೆ ಬಹಳ ಹೊತ್ತು ಮೇಜಿನ ಮೇಲೆ ಬೆರಳು ಬಡಿಯುತ್ತ ಕೂತರು.

"ಡಾಕ್ಟ್ರೇ, ಇದು ಎಂತದು ಅಂತ ನಿಮಗೆ ಗೊತ್ತುಂಟಾ? ಇಬ್ಬರಿಗೂ ಸಮ ಬೇಕಾಗಿರುವಷ್ಟು ದಿನ ಅದು ಸ್ನೇಹ. ಒಬ್ಬನಿಗೆ ಸ್ವಲ್ಪ ಕಡಿಮೆ ಬೇಕಾಯ್ತು ಅಂತಾದರೆ ಅವನು ಯಜಮಾನ. ನೀವು ನಮ್ಮನ್ನು ಯಜಮಾನರು ಮಾಡಿದಿರಿ."

"ನನಗೆ ಯಜಮಾನಿಕೆ ಬೇಡ ಸರ್. ಇದನ್ನು ಉಗ್ರಾಣದಲ್ಲಿ ಇಡಿ. ವಿನಿಮಯ ಹೀಗೇ ನಡೀಲಿ. ಅವರು ಪುನಃ ಯಾವಾಗಾದರೂ ನಿಲ್ಲಿಸಿದರೆ ಮಾತ್ರ ಹೊರಗೆ ತೆಗೆಯಿರಿ. ಮಕ್ಕಳು ಸಾಯಬಾರದು, ಅಷ್ಟೇ."

"ಖಂಡಿತ, ಖಂಡಿತ," ಎಂದರು ಬಲ್ಲಾಳರು. ಆಮೇಲೆ ಬೆರಳು ಬಡಿಯುವುದನ್ನು ನಿಲ್ಲಿಸಿದರು. "ಒಂದು ವಿಷಯ. ಅವರ ಹತ್ತಿರ ಇಂಥದ್ದು ಉಂಟಾ?"

ಆ ಕ್ಷಣ ವಾರಿಜಾಳ ಕಣ್ಣ ಮುಂದೆ ಬಂದದ್ದು ಕೈ ಮುಗಿದ ಮುದುಕ, ನೇಣಿನ ಹಗ್ಗ. ಮಾತು ಕೊಟ್ಟಿದ್ದಳು. ಅವಳು ಕೆಟ್ಟವಳಾಗಿದ್ದರೆ ಉಂಟು ಎನ್ನುತ್ತಿದ್ದಳು, ಆಗ ಬಲ್ಲಾಳರು ಹೆಜ್ಜೆ ಇಡಲು ಹೆದರುತ್ತಿದ್ದರೋ ಏನೋ. ಅವಳು ಒಳ್ಳೆಯವಳಾಗಿದ್ದಳು.

"ಇಲ್ಲ ಸರ್," ಎಂದಳು.

ಹದಿನೈದು ದಿನವೂ ಆಗಿರಲಿಲ್ಲ, ಬಂದರಿನ ಮೈದಾನದಲ್ಲಿ ಸಭೆ ಸೇರಿತು. ಕಡಲನಾಡು ಇನ್ನು ಯಾರ ಹಂಗಿನಲ್ಲೂ ಇಲ್ಲವೆಂದು ಅಧ್ಯಕ್ಷರು ಘೋಷಿಸಿದರು. ಪಟಾಕಿ ಹೊಡೆದರು. ವಾರಿಜಾಳಿಗೆ ಶಾಲು ಹೊದಿಸಿದರು, ಅವಳು ಬೇಡ ಎನ್ನುವಷ್ಟರಲ್ಲಿ ಹಾರ ಕುತ್ತಿಗೆಗೆ ಬಿದ್ದಿತ್ತು. ಅಂಗಡಿಗಳಲ್ಲಿ ಒಂಟಿ ಹೆಪ್ಪು ಎಂದು ಬರೆದ ಪೊಟ್ಟಣಗಳು ಬಂದವು. ಅದೇ ಸಭೆಯಲ್ಲಿ, ಅದೇ ಉಸಿರಿನಲ್ಲಿ, ಮೇಲ್ನಾಡಿಗೆ ಒಂದು ಮಾತು ಹೋಯಿತು: ಘಟ್ಟದಂಚಿನ ಎರಡು ಅಣೆಕಟ್ಟು ಬಿಟ್ಟುಕೊಡಿ, ಇಲ್ಲವಾದರೆ ಎಳ್ಳು ಇಲ್ಲ.

ಜನ ಎಷ್ಟು ಬೇಗ ಒಗ್ಗಿಕೊಂಡರು! ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಅದೇ ಮಾತು. ಇನ್ನೊಂದು ಮಂಡಲ, ಆಮೇಲೆ ಮೇಲಿನವರು ತಟ್ಟೆ ಹಿಡಿದುಕೊಂಡು ಬರುತ್ತಾರೆ ಎಂದು ನಗುತ್ತಿದ್ದರು. ಹುಳಿಗಾಲದಲ್ಲಿ ತಮ್ಮ ಕೂಸನ್ನು ಹೂತವರೂ ನಗುತ್ತಿದ್ದರು.

ಆ ಸಂಜೆ ಅತ್ತೆ ಎಂದಿನಂತೆ ಬಟ್ಟಲು ಹಿಡಿದು ಹೊರಟಳು. ಬೆನ್ನಿಬಾಯಿ ಬಾಗಿಲಿಗೆ ಬಂದು, "ಇನ್ನು ಎಂತಕ್ಕೆ ಕಲ್ಯಾಣಿಬಾಯಿ? ನಿಮ್ಮ ಸೊಸೆಯದ್ದೇ ಪೊಟ್ಟಣ ಬಂದಿದೆಯಲ್ಲ, ಮನೆಗೊಂದು," ಎಂದಳು. ಅವಳಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕಲ್ಯಾಣಮ್ಮ ಖಾಲಿ ಬಟ್ಟಲು ತಂದು ಅಡಿಗೆಮನೆಯಲ್ಲಿ ಬೋರಲು ಹಾಕಿದಳು.

"ನಮ್ಮಲ್ಲಿ ಹೆಪ್ಪು ಇರಲಿಲ್ಲ ಅಂತ ನಾನು ಯಾವತ್ತಾದರೂ ಹೇಳಿದ್ದುಂಟಾ?" ಎಂದು ಸೊಸೆಯನ್ನು ಕೇಳಿದಳು. ಉತ್ತರಕ್ಕೆ ಕಾಯದೆ ಹೋಗಿ ಮಲಗಿದಳು.

ತೇಜಪಾಲ ಫೋನ್ ಮಾಡಿದ. ಸುರಂಗದಲ್ಲಿ ಕೇರಂ ಬೋರ್ಡು ಎತ್ತಿಸಿದ್ದಾರೆ ಎಂದ. ಬಿಳಿಗೆರೆಯ ಮೇಲೆ ಮುಳ್ಳುತಂತಿ ಬಂದಿದೆ. "ಈರಣ್ಣ ನಿನ್ನೆ ತಂತಿಯ ಆಚೆಯಿಂದ ಕೇಳಿದ, ಒಂಟಿ ಹೆಪ್ಪು ಮಾಡಿದ್ದು ನಿಮ್ಮ ಅವ್ವನೇ ಅಂತೆ ಹೌದೇನೋ ಅಂತ. ಹೌದು ಹೇಳಿದೆ. ಅವನು ಬೆನ್ನು ತಿರುಗಿಸಿದ ಅಮ್ಮ. ಹಾಗೇ ಹೋದ."

ಮಂಡಲ ತುಂಬುವ ದಿನ ನಿಯಂತ್ರಣ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಪರದೆಯ ಮೇಲೆ ಮೇಲ್ನಾಡಿನ ಟ್ಯಾಂಕುಗಳ ಹುಳಿಯ ಗೆರೆಗಳು ಸಾಲಾಗಿ ಹೊಳೆಯುತ್ತಿದ್ದವು. ಒಪ್ಪಂದ ಮುರಿದರೂ ಆ ಸಂಪರ್ಕವನ್ನು ಮೇಲಿನವರು ಕಡಿದಿರಲಿಲ್ಲ. ಎಲ್ಲರೂ ಗೆರೆಗಳು ಮೇಲೇರುವುದನ್ನು ಕಾಯುತ್ತಿದ್ದರು. ಏರಲಿಲ್ಲ. ಮರುದಿನವೂ ಇಲ್ಲ. ಆ ವಾರವಿಡೀ ಗೆರೆಗಳು ಸಪಾಟಾಗಿ, ಆರೋಗ್ಯವಾಗಿ ಹರಿದವು. ಕುಂದರಗಿ ಹೊಸ ಹಂಚು ಮಾಡಿದ್ದರು. ಹಸಿದ ಜನರ ಎದುರು ಇನ್ನು ಅವರಾದರೂ ಏನು ಮುಚ್ಚಿಡಬೇಕಿತ್ತು?

ಕೊಠಡಿಯಲ್ಲಿ ಬೆರಗಾಗದವಳು ವಾರಿಜಾ ಒಬ್ಬಳೇ. ಅಣೆಕಟ್ಟು ಹಿಡಿಯಲು ಸೈನ್ಯ ಆಗಲೇ ಸುರಂಗದ ಬಾಯಿಗೆ ಬಂದು ನಿಂತಿತ್ತು. ಅವಳು ಓಡುತ್ತ ಬಲ್ಲಾಳರ ಬಳಿ ಹೋದಳು.

"ಸರ್, ಅವರ ಹತ್ತಿರ ಉಂಟು. ಮೊದಲಿನಿಂದಲೂ ಇತ್ತು. ನನಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದ್ದು. ಅವರು ಹಸಿದಿಲ್ಲ ಸರ್, ಸೈನ್ಯ ಕಳಿಸಬೇಡಿ."

ಬಲ್ಲಾಳರು ಅವಳನ್ನು ಕನಿಕರದಿಂದ ನೋಡಿದರು. ಆ ಕನಿಕರವೇ ಅವಳನ್ನು ಮುಗಿಸಿತು.

"ಡಾಕ್ಟ್ರೇ, ಕೂತ್ಕೊಳ್ಳಿ. ಪರದೆಯಲ್ಲಿ ಕಾಣುವುದೆಲ್ಲ ನಾಟಕ. ಸುಳ್ಳು ಗೆರೆ ಬಿಡುವುದು ಎಂತ ದೊಡ್ಡ ಸಂಗತಿ? ನಮ್ಮನ್ನು ಹೆದರಿಸ್ಲಿಕ್ಕೆ. ಇಲ್ಲ ಅಂತ ಅವತ್ತು ಇದೇ ಕುರ್ಚಿಯಲ್ಲಿ ಕೂತು ನೀವೇ ಹೇಳಿದ್ದು. ಈಗ ಉಂಟು ಅಂತೀರಿ." ದನಿ ಇನ್ನೂ ಮೃದುವಾಯಿತು. "ನಿಮ್ಮ ಮಗ ಮುಂದಿನ ತುಕಡಿಯಲ್ಲಿ ಉಂಟು ಅಂತ ನನಗೆ ಗೊತ್ತುಂಟು. ತಾಯಿ ಕರುಳು, ಅರ್ಥ ಆಗ್ತದೆ."

"ಮಗನಿಗೋಸ್ಕರ ಅಲ್ಲ ಸರ್! ಅಲ್ಲ, ಮಗನಿಗೋಸ್ಕರವೂ ಹೌದು. ಆದರೆ ನಿಜ. ದೇವರಾಣೆ ನಿಜ."

"ಸುರಂಗ ದಾಟಿದರೆ ಅಲ್ಲಿ ಬಂದೂಕು ಎತ್ಲಿಕ್ಕೂ ತ್ರಾಣ ಇಲ್ಲದವರು ಇರ್ತಾರೆ. ಒಂದು ಗುಂಡೂ ಬೇಕಾಗ್ಲಿಕ್ಕಿಲ್ಲ. ನೀವು ಮನೆಗೆ ಹೋಗಿ, ಗಂಜಿ ಉಣ್ಣಿ, ಮಲಗಿ."

ಸೈನ್ಯ ಬೆಳಿಗ್ಗೆ ಸುರಂಗ ಹೊಕ್ಕಿತು. ದಾರಿ ಬಲ್ಲವರೆಂದು ಕಾವಲಿನ ಹುಡುಗರನ್ನು ಮುಂದೆ ಬಿಟ್ಟಿದ್ದರು. ಆಚೆ ತುದಿಯಲ್ಲಿ ಹೊಟ್ಟೆ ತುಂಬ ಉಂಡ ಮೇಲ್ನಾಡಿನ ಪಡೆ ಕಾಯುತ್ತಿತ್ತು. ಅವರಿಗೂ ಈಗ ಘಟ್ಟದ ಕೆಳಗಿನಿಂದ ಬೇಕಾದದ್ದು ಏನೂ ಇರಲಿಲ್ಲ, ಆ ದಾರಿಯೂ ಬೇಕಾಗಿರಲಿಲ್ಲ. ಮದ್ದುಗುಂಡು ಮೊದಲೇ ಹೂತಿಟ್ಟಿದ್ದರು. ಒಮ್ಮೆ ನೆಲ ಅದುರಿತು. ಮಂಗಳೂರಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಸುದ್ದಿ ತಂದ ಅಧಿಕಾರಿ ಹುಡುಗಪ್ರಾಯದವನು. ಬೆಂಗ್ರೆಯ ಮನೆಯ ಜಗಲಿಯಲ್ಲಿ ನಿಂತು, ಟೋಪಿ ಕೈಯಲ್ಲಿ ತಿರುಗಿಸುತ್ತ, ಬೆಟ್ಟವೇ ಕೂತಿದೆ, ಅಗೆದು ತೆಗೆಯಲಿಕ್ಕೆ ಆಗಲಿಕ್ಕಿಲ್ಲ ಎಂದ. ಕಲ್ಯಾಣಮ್ಮ ಅವನಿಗೆ ಕೂರಲು ಹೇಳಿದಳು, ನೀರು ಕೊಟ್ಟಳು. ಅವನು ಹೋದ ಮೇಲೆ ಎದೆ ಬಡಿದುಕೊಂಡು ಅತ್ತಳು. ಬೆನ್ನಿಬಾಯಿ ಗೋಡೆ ಬಳಸಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ವಾರಿಜಾ ಚಪ್ಪಲಿ ಮೆಟ್ಟಿಕೊಂಡು ದೋಣಿ ಹತ್ತಿ ಕೇಂದ್ರಕ್ಕೆ ಹೋದಳು.

ಘಟ್ಟದಂಚಿನಲ್ಲಿ ಆಗಲೇ ಎರಡೂ ಕಡೆಯ ವಿಮಾನಗಳು ಎದ್ದಿದ್ದವು. ನಿಯಂತ್ರಣ ಕೊಠಡಿ ಖಾಲಿಯಿತ್ತು. ಯಾರ ಟ್ಯಾಂಕಿನ ಗೆರೆ ನೋಡಿ ಯಾರಿಗೆ ಏನಾಗಬೇಕಿತ್ತು? ಮಧ್ಯಾಹ್ನದ ಬಿಸಿಲು ಮೇಜುಗಳ ಮೇಲೆ ಬಿದ್ದಿತ್ತು. ಮೂಲೆಯ ಮೇಜಿನ ಮೇಲೆ ಒಪ್ಪಂದದ ಕಾಲದ ಕಪ್ಪು ಫೋನು, ಈ ಕೊಠಡಿಯಿಂದ ಆ ಕೊಠಡಿಗೆ ನೇರ ತಂತಿ. ಅದು ಸುರಂಗದಲ್ಲಿ ಹೋಗದೆ ಬೆಟ್ಟದ ನೆತ್ತಿಯ ಕಂಬಗಳ ಮೇಲೆ ಹೋಗುತ್ತಿತ್ತು. ಕಡಿಯಲು ಯಾರಿಗೂ ನೆನಪಾಗಿರಲಿಲ್ಲ.

ಅವಳು ರಿಸೀವರ್ ಎತ್ತಿದಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಆ ತುದಿಯಲ್ಲಿ ಯಾರೋ ಎತ್ತಿದರು. ಉಸಿರಾಟದಿಂದಲೇ ಅದು ಮುದುಕ ಎಂದು ತಿಳಿಯಿತು.

"ಕುಂದರಗಿಯವರೇ, ನಾನು ವಾರಿಜಾ."

"ಹೇಳ್ರಿ."

ಬೈಯಬೇಕೆಂದು ಬಂದಿದ್ದಳೋ, ಕಾಲಿಗೆ ಬೀಳಬೇಕೆಂದು ಬಂದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಬಾಯಿಂದ ಬಂದದ್ದು ಬೇರೆಯೇ.

"ಒಂದು ಚಮಚ ಹೆಪ್ಪು ಉಂಟಾ?"

ಆ ಕಡೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ದೂರದಲ್ಲೆಲ್ಲೋ ಸೈರನ್ ಕೂಗುತ್ತಿತ್ತು. ಅದು ಯಾವ ಊರಿನದೆಂದು ತಿಳಿಯಲಿಲ್ಲ.

"ಐತಿ ತಂಗಿ," ಎಂದರು ಕುಂದರಗಿ. "ಬೇಕಾದಷ್ಟು ಐತಿ. ಕಳಸಾಕ ದಾರಿ ಇಲ್ಲ."

ಅವಳು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ.